ಕೀ ಹುಟ್ಟುವ ಜಾಗ

ಈ ದತ್ತಿ ಉಪನ್ಯಾಸ ಯಾರ ನೆನಪಿಗೆ ನಡೆಯುತ್ತಿದೆಯೋ ಆ ಗಣಿತದ ಮೇಷ್ಟ್ರು, ಉತ್ತರ ಸರಿಯಿದ್ದರೂ ಲೆಕ್ಕ ಬಿಡಿಸಿದ ಹೆಜ್ಜೆ ಕಾಣದಿದ್ದರೆ ಅಂಕ ಕೊಡುತ್ತಿರಲಿಲ್ಲವಂತೆ.

ಒಂದೇ ಕೀ ಬಳಸುವ ಎಇಎಸ್, ಜೋಡಿ ಕೀಗಳ ಆರ್‌ಎಸ್‌ಎ, ಇವುಗಳ ವಿವರ ಪಠ್ಯಪುಸ್ತಕಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಇಲ್ಲಿಗೆ ಬೇಕಾದದ್ದು ಇಷ್ಟು: ಎನ್‌ಕ್ರಿಪ್ಷನ್‌ನಲ್ಲಿ ವಿಧಾನ ಎಲ್ಲರಿಗೂ ಗೊತ್ತು, ಗುಟ್ಟಿರುವುದು ಕೀಯಲ್ಲಿ. ಆ ಕೀ ಊಹೆಗೆ ಸಿಗದ ಅಂಕಿಗಳಿಂದ ಹುಟ್ಟಬೇಕು. 2006ರಿಂದ 2008ರವರೆಗೆ ಡೆಬಿಯನ್ ಲಿನಕ್ಸ್‌ನಲ್ಲಿ, ಅದರ ಬೆನ್ನಿಗೆ ಉಬುಂಟುವಿನಲ್ಲಿ, ಹಾಗೆ ಹುಟ್ಟಲಿಲ್ಲ.

ಓಪನ್‌ಎಸ್‌ಎಸ್‌ಎಲ್‌ ತಂತ್ರಾಂಶವನ್ನು ಡೆಬಿಯನ್ ಕೀ ತಯಾರಿಕೆಗೆ ಬಳಸುತ್ತಿತ್ತು; ಅದರಲ್ಲಿ ಈ ಅಂಕಿಗಳನ್ನು ತಯಾರಿಸುವ ಕಡತದಲ್ಲಿ ಅಕ್ಷರಶಃ ಒಂದೇ ಥರದ ಎರಡು ಸಾಲುಗಳಿದ್ದವು. ಒಂದು, ಏನೂ ತುಂಬಿರದ ಮೆಮೊರಿಯನ್ನೂ ಬೆರೆಸುತ್ತಿತ್ತು; ಅದು ಹೋದರೂ ನಷ್ಟವಿಲ್ಲ. ಪ್ಯೂರಿಫೈ ಎಂಬ ತಪಾಸಣಾ ಸಾಧನ ಇದಕ್ಕೆ ತಕರಾರು ತೆಗೆಯುತ್ತದೆ ಎಂಬ ಟಿಪ್ಪಣಿಯೂ ಪಕ್ಕದಲ್ಲಿತ್ತು. ಇನ್ನೊಂದು, ಯಂತ್ರ ಕಲೆಹಾಕಿದ ಅನಿಶ್ಚಿತತೆಯೆಲ್ಲ ಒಳಬರುವ ಬಾಗಿಲು. ಅದರ ಪಕ್ಕ ಟಿಪ್ಪಣಿ ಇರಲಿಲ್ಲ. ವಾಲ್‌ಗ್ರಿಂಡ್ ಎಂಬ ಮತ್ತೊಂದು ಸಾಧನ ಗೊಣಗಿದ್ದರಿಂದ ಡೆಬಿಯನ್‌ನ ನಿರ್ವಾಹಕರು ಎರಡನ್ನೂ ತೆಗೆದುಹಾಕಿದರು. ಬದಲಾಗುವ ಅಂಶವೆಂದು ಉಳಿದದ್ದು ಪ್ರೋಸೆಸ್ ಐಡಿ, ಅಂದರೆ ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೆ ಗಣಕ ಕೊಡುವ ಸಂಖ್ಯೆ, ಮಾತ್ರ. ಒಂದು ಬಗೆಯ ಗಣಕದಲ್ಲಿ ಒಂದು ಅಳತೆಯ ಕೀಗೆ ಹೆಚ್ಚೆಂದರೆ 32,768 ಸಾಧ್ಯತೆ. ಕೀ 2048 ಬಿಟ್ ಉದ್ದವಿದ್ದೇನು ಬಂತು? ಅಷ್ಟನ್ನೂ ಮೊದಲೇ ತಯಾರಿಸಿ ಪಟ್ಟಿ ಮಾಡಿಟ್ಟುಕೊಳ್ಳಬಹುದು; ಹಾಗೆ ಮಾಡಿಯೂ ಆಯಿತು.

ಲೂಸಿಯಾನೋ ಬೆಲ್ಲೋ ಪತ್ತೆಹಚ್ಚಿದ ಈ ದೋಷವನ್ನು 2008ರ ಮೇ 13ರಂದು ಡೆಬಿಯನ್ ಪ್ರಕಟಿಸಿತು. ಡಿಎಸ್‌ಎ ಎಂಬ ಸಹಿ ವಿಧಾನ ಬಳಸುತ್ತಿದ್ದವರ ಪಾಡು ಇನ್ನೂ ಕಷ್ಟದ್ದು. ಅದರಲ್ಲಿ ಪ್ರತಿ ಸಹಿಗೂ ಒಂದು ಹೊಸ ಗುಪ್ತ ಸಂಖ್ಯೆ ಬೇಕು. ಅದು ಊಹೆಗೆ ಸಿಕ್ಕರೆ ಆ ಸಹಿಯಿಂದಲೇ ಖಾಸಗಿ ಕೀಯನ್ನು ಲೆಕ್ಕ ಹಾಕಬಹುದು. ಬೇರೆ ಕಡೆ ಸರಿಯಾಗಿಯೇ ತಯಾರಾದ ಕೀ ಕೂಡ ಕೆಟ್ಟ ಗಣಕದಲ್ಲಿ ಒಮ್ಮೆ ಸಹಿಗೆ ಬಳಕೆಯಾದರೆ ನೆಚ್ಚುವಂತಿರಲಿಲ್ಲ.

ತಪ್ಪು ಯಾರದು? ಓಪನ್‌ಎಸ್‌ಎಸ್‌ಎಲ್ ತಂಡದ ಬೆನ್ ಲಾರಿ, ಮೂಲ ತಂಡಕ್ಕೆ ಕಳಿಸದೆ ಹಂಚಿಕೆದಾರರು ಕೋಡಿಗೆ ಕೈಹಾಕಿದ್ದೇ ತಪ್ಪೆಂದು ವಾದಿಸಿದರು. ವಿದ್ವಾಂಸರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಹೇಳುವುದಾದರೆ, ಇದು ಅರ್ಧ ಲೆಕ್ಕ. ಡೆಬಿಯನ್ ನಿರ್ವಾಹಕರು 2006ರಲ್ಲೇ ಎರಡೂ ಸಾಲುಗಳನ್ನು ತೋರಿಸಿ ಓಪನ್‌ಎಸ್‌ಎಸ್‌ಎಲ್‌ನ ಮೇಲಿಂಗ್ ಲಿಸ್ಟಿನಲ್ಲಿ ಕೇಳಿದ್ದರು. ದೋಷ ಹುಡುಕಲು ಅನುಕೂಲವಾಗುವುದಾದರೆ ತೆಗೆಯಬಹುದೆಂಬ ಧಾಟಿಯ ಉತ್ತರ ಆ ತಂಡದವರೊಬ್ಬರಿಂದಲೇ ಬಂದಿತ್ತು. ತಮ್ಮ ಮನೆಯ ಬಾಗಿಲನ್ನು ತಾವೇ ಗುರುತಿಸದವರು ಬಡಗಿಯನ್ನಷ್ಟೇ ಬೈಯುವುದು ಯಾವ ನ್ಯಾಯ? ಹೌದು, ಪ್ರಶ್ನೆ ಕೇಳಿದ ರೀತಿಯೂ ಸ್ಪಷ್ಟವಿರಲಿಲ್ಲ. ಆದರೆ ಬೇಡದ ಸಾಲಿಗೆ ಟಿಪ್ಪಣಿ ಬರೆದು ಬೇಕೇಬೇಕಾದ ಸಾಲನ್ನು ಹಾಗೇ ಬಿಟ್ಟವರು ಮೂಲ ತಂಡದವರೇ.

ಕೋಡ್ ಮುಚ್ಚಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಅವರು ಯಾದೃಚ್ಛಿಕ, ಅಂದರೆ ಊಹೆಗೆ ಸಿಗದ, ಅಂಕಿ ತಯಾರಿಸುವ ಡ್ಯುಯಲ್ ಇಸಿ ಡಿಆರ್‌ಬಿಜಿಯ ಕಡೆ ನೋಡಬೇಕು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2006ರಲ್ಲಿ ಒಪ್ಪಿದ ಈ ವಿಧಾನದಲ್ಲಿ ಹಿಂಬಾಗಿಲು ಸಾಧ್ಯವೆಂದು 2007ರಲ್ಲೇ ಡಾನ್ ಶುಮೊ, ನೀಲ್ಸ್ ಫರ್ಗ್ಯುಸನ್ ತೋರಿಸಿದ್ದರು. ಆದರೂ ಕೋಡ್ ಮುಚ್ಚಿಟ್ಟು ಮಾರುತ್ತಿದ್ದ ಬಿಸೇಫ್ ಎಂಬ ತಂತ್ರಾಂಶದಲ್ಲಿ, ಬಳಕೆದಾರ ಏನನ್ನೂ ಬದಲಿಸದಿದ್ದರೆ, ಅದೇ ಚಾಲ್ತಿಯಲ್ಲಿತ್ತು. ಎನ್‌ಐಎಸ್‌ಟಿ ಅದನ್ನು ಕೈಬಿಡಲು ಹೊರಟದ್ದು ಅಮೆರಿಕದ ಗೂಢಚರ್ಯೆಯನ್ನು ಬಯಲಿಗೆಳೆದ ಸ್ನೋಡೆನ್ ದಾಖಲೆಗಳು ಹೊರಬಿದ್ದ ಮೇಲೆ.

ಹಾಗಂತ ಮುಕ್ತ ತಂತ್ರಾಂಶದ ಅಭಿಮಾನಿಗಳೂ ಬೀಗಬೇಕಿಲ್ಲ. ಡೆಬಿಯನ್‌ನ ಬದಲಾವಣೆ ಒಂದೂವರೆ ವರ್ಷಕ್ಕೂ ಮಿಕ್ಕಿ ಎಲ್ಲರ ಕಣ್ಣೆದುರೇ ಇತ್ತು. ಡಿಸ್ಕಿಗೆ ಬೀಗ ಹಾಕುವ ಟ್ರೂಕ್ರಿಪ್ಟ್‌ನ ಕೋಡ್ ಕೂಡ ಎಲ್ಲರಿಗೂ ಸಿಗುತ್ತಿತ್ತು. ವಿಂಡೋಸ್‌ನಿಂದ ಯಾದೃಚ್ಛಿಕ ಅಂಕಿ ಸಿಗದ ಅಪರೂಪದ ಸಂದರ್ಭದಲ್ಲಿ ಅದು ಸದ್ದಿಲ್ಲದೆ ಮುಂದುವರಿಯುತ್ತದೆ ಎಂದು 2015ರ ಪರಿಶೋಧನೆ ಬೊಟ್ಟು ಮಾಡಿತು. ಅಷ್ಟರಲ್ಲಿ ಅದನ್ನು ಬರೆದವರೇ ಯೋಜನೆ ಕೈಬಿಟ್ಟು ವರ್ಷವಾಗುತ್ತಾ ಬಂದಿತ್ತು.

ಈ ಉಪನ್ಯಾಸಕನ ಪಕ್ಷ ಬೇರೆ. ಕೋಡನ್ನಷ್ಟೇ ಓದಿದರೆ ಸಾಲದು, ಹುಟ್ಟಿದ ಕೀಗಳನ್ನೇ ಗುಡ್ಡೆ ಹಾಕಿ ನೋಡಬೇಕು. ಕೆಟ್ಟ ಕೀ ಒಂದೊಂದಾಗಿ ನೋಡಿದರೆ ಒಳ್ಳೆಯದರಂತೆಯೇ ಕಾಣುತ್ತದೆ. ಒಟ್ಟಿಗೆ ಇಟ್ಟಾಗ ಮಾತ್ರ ನಕಲುಗಳು ಬಯಲಾಗುತ್ತವೆ. ನಾಡಿಯಾ ಹೆನಿಂಗರ್ ಮತ್ತು ಸಂಗಡಿಗರು 2012ರಲ್ಲಿ ಮಾಡಿದ್ದು ಇದನ್ನೇ: ಇಡೀ ಅಂತರಜಾಲ ಜಾಲಾಡಿ ಕೀ ಕಲೆಹಾಕಿದರು, ಆರ್‌ಎಸ್‌ಎ ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನ ಹುಡುಕಿದರು, ರೂಟರ್‌ನಂಥ ಸಾಧನಗಳ ಖಾಸಗಿ ಕೀಗಳನ್ನೇ ಹೊರತೆಗೆದರು. ಶಾಲೆಯ ಮಸಾಅ ಲೆಕ್ಕವೇ ಇದು. ಮೇಷ್ಟ್ರು ಇದ್ದಿದ್ದರೆ ಹಿಗ್ಗುತ್ತಿದ್ದರು. 2015ರಲ್ಲಿ ಬೆನ್ ಕಾಕ್ಸ್ ಗಿಟ್‌ಹಬ್ ಬಳಕೆದಾರರ ಸಾರ್ವಜನಿಕ ಕೀಗಳನ್ನು ಇದೇ ರೀತಿ ಜರಡಿ ಹಿಡಿದಾಗ, ಡೆಬಿಯನ್ ಕಾಲದ ದುರ್ಬಲ ಕೀಗಳು ಇನ್ನೂ ಬಳಕೆಯಲ್ಲಿದ್ದವು. ಗಿಟ್‌ಹಬ್ ಅವನ್ನು ರದ್ದುಮಾಡಬೇಕಾಯಿತು.