ಬಟನ್ ಒತ್ತಿದ್ದು ಯಾರು?

ಇವತ್ತು ವಿಧಾನಸೌಧ ಇಲ್ಲ, ದೆಹಲಿಯೂ ಇಲ್ಲ. ಇವತ್ತು ಒಂದು ವಿಡಿಯೋ ಗೇಮ್ ಬಗ್ಗೆ ಮಾತಾಡ್ತೀನಿ. ಚಾನೆಲ್ ಬದಲಿಸಬೇಡಿ ಸ್ವಾಮಿ, ಹತ್ತು ನಿಮಿಷ ಕೊಡಿ. ಮಾತು ಸುತ್ತಿ ಬಳಸಿ ನಮ್ಮ ಟಿವಿಯ ಹತ್ತಿರಕ್ಕೇ ಬರುತ್ತೆ.

ದೀಪಾವಳಿಗೆ ಅಪರೂಪಕ್ಕೆ ನನಗೆ ನಾಲ್ಕು ದಿನ ರಜೆ ಸಿಕ್ಕಿತ್ತು. ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಇಂಜಿನಿಯರಿಂಗ್ ಓದ್ತಾನೆ. ಹೊರಗೆ ಪಟಾಕಿ, ಒಳಗೆ ಇವನು ಟಿವಿ ಮುಂದೆ ಕೂತು ಗೇಮ್ ಆಡ್ತಿದ್ದಾನೆ. "ಏನೋ ಇದು, ಯಾವ ಸಿನಿಮಾ?" ಅಂದೆ. "ಸಿನಿಮಾ ಅಲ್ಲ ಮಾಮ, ಗೇಮು" ಅಂದ. ನಂಬಲಿಲ್ಲ ನಾನು. ಮಳೆ, ಪಾಳು ಬಿದ್ದ ಊರು, ಒಬ್ಬ ನಡುವಯಸ್ಸಿನ ಗಡ್ಡದ ಮನುಷ್ಯ, ಜೊತೆಗೆ ಹದಿನಾಲ್ಕು ವರ್ಷದ ಹುಡುಗಿ. ಇಬ್ಬರೂ ನಡೀತಾ ಏನೇನೋ ಮಾತಾಡ್ತಿದ್ದಾರೆ. ಹುಡುಗ ಕೈಯಲ್ಲಿದ್ದ ರಿಮೋಟ್ ಅಲ್ಲಾಡಿಸಿದರೆ ಆ ಮನುಷ್ಯ ತಿರುಗ್ತಾನೆ. "ರಿಮೋಟ್ ಅಲ್ಲ ಮಾಮ, ಕಂಟ್ರೋಲರ್." ಸರಿಯಪ್ಪ, ಕಂಟ್ರೋಲರ್.

ಆ ಗೇಮ್ ಹೆಸರು 'ದಿ ಲಾಸ್ಟ್ ಆಫ್ ಅಸ್'. ಅಮೆರಿಕದ ನಾಟಿ ಡಾಗ್ ಅನ್ನೋ ಕಂಪನಿ 2013ರ ಜೂನ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಿಡುಗಡೆ ಮಾಡಿದ್ದು. ಕಥೆ ಬರೆದವರು ನೀಲ್ ಡ್ರಕ್‌ಮನ್. ಹತ್ತು ವರ್ಷ ಆದಮೇಲೆ, 2023ರ ಜನವರಿಯಲ್ಲಿ, ಎಚ್‌ಬಿಒ ಅದೇ ಕಥೆಯನ್ನು ಒಂಬತ್ತು ಕಂತಿನ ಧಾರಾವಾಹಿ ಮಾಡಿತು. ಮಾಡಿದವರು ಅದೇ ಡ್ರಕ್‌ಮನ್, ಜೊತೆಗೆ 'ಚೆರ್ನೋಬಿಲ್' ಸರಣಿಯ ಕ್ರೇಗ್ ಮೇಜಿನ್. ಮೊದಲ ಎರಡು ದಿನ ಹುಡುಗ ಗೇಮ್ ಆಡೋದನ್ನ ನಾನು ನೋಡಿದೆ. ಮೂರನೇ ದಿನ ಅಕ್ಕ, ನನ್ನ ಹೆಂಡತಿ, ನಾನು ಎಲ್ಲ ಕೂತು ಧಾರಾವಾಹಿ ಶುರು ಮಾಡಿದೆವು. ಕಥೆಯ ಕೊನೆಯನ್ನೂ ಈಗ ಹೇಳ್ತೀನಿ. ಬೇಡ ಅನ್ನೋರು ಮ್ಯೂಟ್ ಮಾಡ್ಕೊಳ್ಳಿ.

ಒಂದು ಶಿಲೀಂಧ್ರ. ಕಾರ್ಡಿಸೆಪ್ಸ್ ಅಂತ. ಇರುವೆಯ ಮೈಯೊಳಗೆ ಹೊಕ್ಕು, ಅದರ ನಡಿಗೆಯನ್ನೇ ತನ್ನ ವಶ ಮಾಡ್ಕೊಳ್ಳೋ ಶಿಲೀಂಧ್ರ ನಿಜವಾಗ್ಲೂ ಇದೆ. ಅದು ಮನುಷ್ಯನಿಗೆ ಬಂದರೆ? ಬಂದಿದೆ, ಲೋಕ ಮುಳುಗಿದೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಸುದ್ದಿ ಓದಿ ಓದಿ ಗಂಟಲು ಒಣಗಿಸಿಕೊಂಡ ನನಗೆ ಇದೇನೂ ತಮಾಷೆ ಅನ್ನಿಸಲಿಲ್ಲ. ಜೋಯೆಲ್ ಅನ್ನೋ ಮನುಷ್ಯ ಮೊದಲ ರಾತ್ರಿಯೇ ಮಗಳನ್ನ ಕಳ್ಕೊಳ್ತಾನೆ. ಇಪ್ಪತ್ತು ವರ್ಷದ ಮೇಲೆ ಅವನ ಕೈಗೆ ಎಲ್ಲೀ ಅನ್ನೋ ಹುಡುಗಿ ಬರ್ತಾಳೆ. ಅವಳಿಗೆ ಸೋಂಕು ತಗುಲಿದೆ, ಆದರೆ ರೋಗ ಹತ್ತಿಲ್ಲ. ಅವಳನ್ನ ಫೈರ್‌ಫ್ಲೈಸ್ ಅನ್ನೋ ಗುಂಪಿನ ವೈದ್ಯರಿಗೆ ತಲುಪಿಸಬೇಕು. ಇಷ್ಟೇ ಕೆಲಸ.

ಧಾರಾವಾಹಿಯವರು ಎಷ್ಟು ನಿಷ್ಠೆಯಿಂದ ಮಾಡಿದ್ದಾರೆ ಅಂದರೆ ಎಷ್ಟೋ ಕಡೆ ಮಾತಿಗೆ ಮಾತು ಅದೇ. ಗಿಟಾರ್ ಸಂಗೀತ ಕೂಡ ಅದೇ ಗುಸ್ತಾವೊ ಸಾಂಟಾವೊಲಾಯಾ ಅವರದು. ಗೇಮ್‌ನಲ್ಲಿ ರೋಗದ ಬೀಜಾಣು ಗಾಳಿಯಲ್ಲಿ ಹರಡುತ್ತೆ, ಹಾಗಾಗಿ ಪಾತ್ರಗಳು ಮುಖಕ್ಕೆ ಮಾಸ್ಕ್ ಹಾಕ್ಕೊಳ್ತಾರೆ. ಟಿವಿಯಲ್ಲಿ ಆ ಬೀಜಾಣು ತೆಗೆದು ನೆಲದೊಳಗೆ ಬೇರಿನ ಹಾಗೆ ಹಬ್ಬೋ ಎಳೆಗಳನ್ನ ಇಟ್ಟರು. ನನಗೆ ತಕ್ಷಣ ಅರ್ಥ ಆಯ್ತು. ನಾವು ಟಿವಿಯವರು ಬದುಕೋದೇ ಮುಖದ ಮೇಲೆ. ಪೆಡ್ರೊ ಪಾಸ್ಕಲ್ ಅಂಥ ನಟನಿಗೆ ದುಡ್ಡು ಕೊಟ್ಟು ಮಾಸ್ಕ್ ಹಾಕಿ ಕೂರಿಸೋಕಾಗುತ್ತಾ?

ಮೂರನೇ ಕಂತಿಗೆ ಬರ್ತೀನಿ. ಗೇಮ್‌ನಲ್ಲಿ ಬಿಲ್ ಅಂತ ಒಬ್ಬ ಇದ್ದಾನೆ. ಊರ ತುಂಬ ಬಲೆ, ಬಾಂಬು ಕಟ್ಟಿಕೊಂಡು ಒಬ್ಬನೇ ಇರೋ ಸಿಡುಕ. ಫ್ರಾಂಕ್ ಅಂತ ಅವನ ಜೊತೆಗಾರ ಇದ್ದ, ಬಿಟ್ಟು ಹೋಗಿದ್ದಾನೆ. ಒಂದು ಮನೆಯಲ್ಲಿ ನೇಣು ಹಾಕಿಕೊಂಡ ಅವನ ಹೆಣ ಸಿಗುತ್ತೆ, ಬಿಲ್‌ನನ್ನ ಬೈದು ಬರೆದ ಒಂದು ಚೀಟಿ ಸಿಗುತ್ತೆ. ಮುಗೀತು. ಇವರಿಬ್ಬರ ನಡುವೆ ಏನಿತ್ತು ಅನ್ನೋದನ್ನ ನೀವು ಊಹಿಸ್ಕೋಬೇಕು. ಯಾಕಂದ್ರೆ ಗೇಮ್‌ನ ಈ ಭಾಗದಲ್ಲಿ ನೀವು ಜೋಯೆಲ್‌ನ ಬೆನ್ನ ಹಿಂದೆಯೇ ಇರ್ತೀರಿ. ಇಲ್ಲಿ ಅವನಿಲ್ಲದ ಕಡೆ ನಿಮಗೆ ಪ್ರವೇಶ ಇಲ್ಲ.

ಟಿವಿಗೆ ಆ ಕಟ್ಟು ಇಲ್ಲ. ಜೋಯೆಲ್‌ನ ಪಕ್ಕಕ್ಕಿಟ್ಟು, ಒಂದೂಕಾಲು ಗಂಟೆಯ ಕಂತಿನಲ್ಲಿ ಬಹುಪಾಲನ್ನ ಈ ಇಬ್ಬರು ಗಂಡಸರ ಸಂಸಾರಕ್ಕೆ ಕೊಟ್ಟಿದ್ದಾರೆ. ಬಿಲ್ ತೋಡಿದ ಗುಂಡಿಯಲ್ಲಿ ಫ್ರಾಂಕ್ ಬಂದು ಬೀಳ್ತಾನೆ. ಹಸಿದಿದ್ದಾನೆ. ಇವನು ಬಡಿಸ್ತಾನೆ. ಉಂಡವನು ಹೋಗೋದೇ ಇಲ್ಲ. ವರ್ಷಗಳು ಕಳೀತವೆ. ಒಂದು ದಿನ ಫ್ರಾಂಕ್ ಹಿತ್ತಲಿಗೆ ಕರ್ಕೊಂಡು ಹೋಗಿ ತಾನು ಬೆಳೆಸಿದ ಸ್ಟ್ರಾಬೆರಿ ತೋರಿಸ್ತಾನೆ. ಬೀಜ ಎಲ್ಲಿಂದ ಬಂತು? ಬಿಲ್‌ನ ಒಂದು ಪಿಸ್ತೂಲು ಕೊಟ್ಟು ತಗೊಂಡಿದ್ದು. ಬಿಲ್ ಒಂದು ಹಣ್ಣು ಬಾಯಿಗಿಟ್ಟು ಚಿಕ್ಕ ಮಗುವಿನ ಹಾಗೆ ಖುಷಿಯಿಂದ ಕಿಲಕಿಲ ನಗ್ತಾನೆ. ನಮ್ಮಕ್ಕ ಸೀರಿಯಲ್ ನೋಡಿ ಅಳೋಳಲ್ಲ, ನಮ್ಮ ಮನೇಲಿ ಅವಳೇ ಗಟ್ಟಿ. ಅವಳು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದಳು. ಬಿಲ್ ಪಾತ್ರ ಮಾಡಿದ ನಿಕ್ ಆಫರ್‌ಮನ್‌ಗೆ ಎಮ್ಮಿ ಪ್ರಶಸ್ತಿ ಬಂತು. ಬರಲೇಬೇಕಿತ್ತು. ಇಲ್ಲಿ ಧಾರಾವಾಹಿ ಗೇಮ್‌ಗಿಂತ ದೊಡ್ಡದು. ಅಕ್ಕನ ಮಗ ಕೂಡ ಒಪ್ಪಿದ, ಸ್ವಲ್ಪ ಹೊತ್ತು ಮುಖ ಊದಿಸ್ಕೊಂಡಿದ್ದು.

ಆದರೆ ಆಸ್ಪತ್ರೆ ದೃಶ್ಯ ಇದೆ ನೋಡಿ, ಅದು ಬೇರೆ.

ಕೊನೆಗೆ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆ ಮುಟ್ತಾರೆ. ಅಲ್ಲಿ ಗೊತ್ತಾಗುತ್ತೆ, ಔಷಧಿ ಮಾಡಬೇಕಂದ್ರೆ ಎಲ್ಲೀಯ ಮೆದುಳಿಗೆ ಕೈ ಹಾಕಬೇಕು. ಅವಳು ಬದುಕಲ್ಲ. ಹುಡುಗಿಯನ್ನ ಯಾರೂ ಕೇಳಿಲ್ಲ, ಪ್ರಜ್ಞೆ ತಪ್ಪಿಸಿ ಮಲಗಿಸಿದ್ದಾರೆ. ಜೋಯೆಲ್ ಅಡ್ಡ ಬಂದವರನ್ನೆಲ್ಲ ಕೊಂದು ಆಪರೇಷನ್ ಥಿಯೇಟರ್‌ಗೆ ನುಗ್ತಾನೆ. ಎರಡನೇ ದಿನ ರಾತ್ರಿ ಇಲ್ಲಿಗೆ ಬಂದಾಗ ಅಕ್ಕನ ಮಗ ಆ ಕಂಟ್ರೋಲರ್ ನನ್ನ ಕೈಗೆ ಕೊಟ್ಟ. "ಇದೊಂದು ನೀವೇ ಆಡಿ ಮಾಮ."

ಎದುರಿಗೆ ಡಾಕ್ಟರ್. ಕೈಯಲ್ಲಿ ಒಂದು ಸಣ್ಣ ಚಾಕು, ಆಪರೇಷನ್‌ದು. ಹುಡುಗಿಯನ್ನ ತಗೊಂಡು ಹೋಗೋಕೆ ಬಿಡಲ್ಲ ಅಂತಾನೆ. ಹಿಂದೆ ಇನ್ನಿಬ್ಬರು ಹೆದರಿ ನಿಂತಿದ್ದಾರೆ. ನಾನೂ ನಿಂತೆ. ಪಕ್ಕಕ್ಕೆ ಹೋದೆ, ಹಿಂದೆ ಬಂದೆ, ಬೇರೆ ದಾರಿ ಇದೆಯಾ ಅಂತ ಹುಡುಕಿದೆ. ಹುಡುಗ ನಗ್ತಾ ಅಂದ, "ಎಷ್ಟೊತ್ತು ನಿಂತ್ರೂ ಏನೂ ಆಗಲ್ಲ ಮಾಮ. ಅವನು ಕಾಯ್ತಾನೆ." ಬಟನ್ ಒತ್ತಿದೆ. ಡಾಕ್ಟರ್ ಬಿದ್ದ. ಹುಡುಗಿಯನ್ನ ಎತ್ತಿಕೊಂಡು ಓಡಿದೆ. ಅಂಗೈ ಬೆವತಿತ್ತು ಅಂದರೆ ನಗಬೇಡಿ.

ಧಾರಾವಾಹಿಯ ಒಂಬತ್ತನೇ ಕಂತಿನಲ್ಲೂ ಇದೇ ದೃಶ್ಯ. ಗುಂಡಿನ ಸದ್ದು ತಗ್ಗಿಸಿ, ಮೇಲೆ ದುಃಖದ ಸಂಗೀತ ಹಾಕಿದ್ದಾರೆ. ಪಾಸ್ಕಲ್ ಮುಖ ಕಲ್ಲು. ಬಹಳ ಚೆನ್ನಾಗಿದೆ. ಮುಗಿದ ಎರಡೇ ನಿಮಿಷಕ್ಕೆ ನಮ್ಮ ಮನೇಲಿ ಪ್ಯಾನೆಲ್ ಡಿಸ್ಕಷನ್ ಶುರು. ನನ್ನ ಹೆಂಡತಿ, "ಅವನು ಮಾಡಿದ್ದೇ ಸರಿ, ನಾನಾಗಿದ್ರೂ ಅದೇ ಮಾಡ್ತಿದ್ದೆ" ಅಂದಳು. ಅಕ್ಕ, "ಅಷ್ಟು ಜನರ ಜೀವ? ಆ ಡಾಕ್ಟರ್‌ಗೆ ಮನೆಮಠ ಇರಲಿಲ್ವಾ?" ಅಂದಳು. ಭಾವನವರು ಮಧ್ಯೆ ಬಾಯಿ ಹಾಕಿದ್ರು. ಥೇಟ್ ನನ್ನ ಒಂಬತ್ತು ಗಂಟೆ ಕಾರ್ಯಕ್ರಮ, ಬ್ರೇಕ್ ಒಂದಿರಲಿಲ್ಲ.

ನಾನು ಮಾತ್ರ ಸುಮ್ಮನಿದ್ದೆ. ಯಾಕೆ ಅಂತ ಆಮೇಲೆ ಹೊಳೀತು. ಹಿಂದಿನ ರಾತ್ರಿ ಬಟನ್ ಒತ್ತಿದ ಮೇಲೆ ನಾನು ಸರಿ-ತಪ್ಪು ಅನ್ನೋ ಮಾತೇ ಆಡಿರಲಿಲ್ಲ. ಹುಡುಗನ ಕಡೆ ತಿರುಗಿ ಅಂದಿದ್ದು ಒಂದೇ ಮಾತು: "ಬೇರೆ ದಾರಿ ಇರಲಿಲ್ಲ ಕಣೋ." ಇದು ಯಾರು ಆಡೋ ಮಾತು? ಕಟಕಟೆಯಲ್ಲಿ ನಿಂತವನು ಆಡೋ ಮಾತು. ಸೋಫಾ ಮೇಲೆ ಕೂತು ಅದೇ ಕೊಲೆ ನೋಡಿದ ನಮ್ಮನೆಯವರು ಜಡ್ಜ್ ಆಗಿದ್ರು. ಕಥೆ ಒಂದೇ, ಗುಂಡು ಒಂದೇ, ಬಿದ್ದ ಡಾಕ್ಟರ್ ಒಬ್ಬನೇ.

ಈ ಟಿವಿ ಪೆಟ್ಟಿಗೆಯ ಗುಣ ನನಗೆ ಗೊತ್ತಿಲ್ಲದ್ದಲ್ಲ. ವೀಕ್ಷಕರನ್ನ ಜಡ್ಜ್ ಮಾಡಿ ಕೂರಿಸೋದೇ ನನ್ನ ಕಸುಬು. "ನಿಮ್ಮ ತೀರ್ಪೇನು?" ಅಂತ ಎಷ್ಟು ಸಲ ಕೇಳಿದೀನಿ ಲೆಕ್ಕ ಇಲ್ಲ. ವರ್ಷಗಳ ಹಿಂದೆ ಒಬ್ಬ ಹುಡುಗನ ಮೇಲೆ ಆರೋಪ ಬಂದಿತ್ತು. ಮೂರು ರಾತ್ರಿ ಚರ್ಚೆ ಮಾಡಿದೆ. ಅವನ ಅಮ್ಮ ಕ್ಯಾಮೆರಾ ಮುಂದೆ ಕೈ ಮುಗಿದಿದ್ದು ಎಂಟು ಸಲ ತೋರಿಸಿದೆವು. ಮುಂದೆ ಕೋರ್ಟ್ ಅವನನ್ನ ಬಿಡುಗಡೆ ಮಾಡಿದ ದಿನ ಸ್ಕ್ರೀನ್ ಕೆಳಗೆ ಒಂದು ಸ್ಕ್ರೋಲ್ ಓಡ್ತು. ಆ ಮೂರೂ ರಾತ್ರಿ ನೀವೂ ಚೆನ್ನಾಗಿ ನಿದ್ದೆ ಮಾಡಿದ್ರಿ, ನಾನೂ ಮಾಡಿದೆ. ಬಟನ್ ನಮ್ಮ ಕೈಯಲ್ಲಿರಲಿಲ್ಲ ಅಂದ್ಕೊಂಡಿದ್ವಲ್ಲ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ಅಕ್ಕನ ಮಗ ನನ್ನನ್ನ ಬಿಡಲ್ಲ. ಅಕ್ಕ ಕೇಳಿದಳಲ್ಲ, ಡಾಕ್ಟರ್‌ಗೆ ಮನೆಮಠ ಇರಲಿಲ್ವಾ ಅಂತ. ಇತ್ತು! 2013ರ ಗೇಮ್‌ನಲ್ಲಿ ಅವನಿಗೆ ಒಂದು ಹೆಸರೂ ಇರಲಿಲ್ಲ. 2020ರಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಆಬಿ ಅನ್ನೋ ಹೆಣ್ಣುಮಗಳು ಬಂದು ಜೋಯೆಲ್‌ನನ್ನ ಗಾಲ್ಫ್ ಕೋಲಿನಿಂದ ಬಡಿದು ಸಾಯಿಸ್ತಾಳೆ. ಯಾಕೆ ಅಂತ ಸರಿಯಾಗಿ ಹೇಳಲ್ಲ. ನೀವು ಎಲ್ಲೀ ಆಗಿ ಗಂಟೆಗಟ್ಟಲೆ ಅವಳನ್ನ ಹುಡುಕ್ತೀರಿ, ಸಿಟ್ಟಲ್ಲಿ ಕುದೀತೀರಿ. ಅರ್ಧ ಆಟ ಆದಮೇಲೆ ಗೇಮ್ ಕಂಟ್ರೋಲರ್‌ನ ಆ ಆಬಿಯ ಕೈಗೇ ಕೊಡುತ್ತೆ. ಅವಳು ಆ ಡಾಕ್ಟರ್ ಮಗಳು. ಇನ್ನು ನೀವೇ ಅವಳು. ಜನಕ್ಕೆ ಎಷ್ಟು ಕೋಪ ಬಂತು ಅಂದರೆ, ಆಬಿಗೆ ದನಿ ಕೊಟ್ಟ ನಟಿ ಲಾರಾ ಬೈಲಿಗೆ ಕೊಲೆ ಬೆದರಿಕೆ ಹಾಕಿದ್ರು. ದನಿ ಕೊಟ್ಟವಳಿಗೆ!

2025ರಲ್ಲಿ ಧಾರಾವಾಹಿಯ ಎರಡನೇ ಸೀಸನ್ ಬಂತು, ಏಳು ಕಂತು. ಅಲ್ಲಿ ಆಬಿಗೆ ಯಾಕೆ ಸೇಡು ಅನ್ನೋದನ್ನ ಜೋಯೆಲ್ ಸಾಯೋ ಮುಂಚೆಯೇ ಬಿಚ್ಚಿಟ್ಟುಬಿಡ್ತಾರೆ. ಪ್ರೇಕ್ಷಕ ಗೊಂದಲದಲ್ಲಿ ಕೂರಬಾರದು ಅಂತ ಟಿವಿಯವರಿಗೆ ಯಾವಾಗಲೂ ಒಂದು ಭಯ. ನಾವು ಹೆಡ್‌ಲೈನ್‌ನಲ್ಲೇ ಎಲ್ಲ ಹೇಳಿಬಿಡೋದು ಅದೇ ಭಯಕ್ಕೆ. ನನಗಂತೂ ಇಲ್ಲಿ ಗೇಮ್‌ನವರ ಧೈರ್ಯವೇ ಹಿಡಿಸ್ತು. ಕಾರಣ ತಿಳಿಯದೆ ಒಬ್ಬಳನ್ನ ಅರ್ಧ ಆಟ ದ್ವೇಷ ಮಾಡಿ, ಆಮೇಲೆ ಅವಳ ಕಾಲಲ್ಲೇ ನಡೆಯೋದು ನೋಡಿದಷ್ಟು ಸುಲಭ ಅಲ್ಲ.

ನಾಲ್ಕನೇ ದಿನ ಬೆಳಗ್ಗೆ ಹೊರಡೋ ಹೊತ್ತಿಗೆ ಹುಡುಗ ಎರಡನೇ ಭಾಗದ ಆ ಜಾಗಕ್ಕೆ ಬಂದು ನಿಲ್ಲಿಸಿದ್ದ. "ಮಾಮ, ಇನ್ಮೇಲೆ ಇವಳು. ಹಿಡ್ಕೊಳ್ಳಿ" ಅಂತ ಕೈ ಚಾಚಿದ. ಬಸ್ಸಿಗೆ ಹೊತ್ತಾಯ್ತು ಅಂದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ನೆನ್ನೆ ಫೋನ್ ಮಾಡಿದ್ದ, ಆಟ ಅಲ್ಲೇ ನಿಲ್ಲಿಸಿದೀನಿ, ಬಂದಾಗ ನೀವೇ ಶುರು ಮಾಡಿ ಅಂದ. ಸಂಕ್ರಾಂತಿಗೆ ಹೋಗಬೇಕು.