ಮೊಪೆಡ್ ಸಾವು, ಮನೆಗೆ ಸಾಲ



ಭದ್ರಾವತಿ ಸೀಮೆಯ ನಾವು ಶಿವಮೊಗ್ಗದ ಮಂಡಿಗೆ, ಗೊಬ್ಬರದ ಅಂಗಡಿಗೆ ಹೋಗೋದು ಯಾವುದರಲ್ಲಿ? ಟಿವಿಎಸ್ ಮೊಪೆಡ್ಡಿನಲ್ಲಿ. ಮುಂದೆ ಚೀಲ, ಹಿಂದೆ ಹೆಂಡತಿ, ತಲೆಗೆ ಬರೀ ಟವೆಲ್! ಲಾರಿ, ಬಸ್ಸಿನ ವೇಗಕ್ಕೆ ನಾವು ಯಾವ ಲೆಕ್ಕ? ಕತ್ತಲಲ್ಲಿ ದೀಪವಿಲ್ಲದೆ ನಿಂತ ಕಬ್ಬಿನ ಟ್ರೈಲರ್ ನಮ್ಮದೇ; ಅದಕ್ಕೆ ಗುದ್ದಿ ಸಾಯೋನೂ ನಮ್ಮವನೇ.

ಯಜಮಾನ ಹೋದರೆ ಸಾಲವೂ ಹೋಗುತ್ತದೆಯೇ? ಇಲ್ಲ, ಜಮೀನಿನ ಜೊತೆಗೇ ಮಕ್ಕಳಿಗೆ ಬರುತ್ತದೆ. ಕಾಲು ಮುರಿದು ನಾವು ಮಲಗಿದರೂ ಬಡ್ಡಿ ಮಲಗೋದಿಲ್ಲ.

ಹೆಲ್ಮೆಟ್ ಹಾಕಿದರೆ ಸಾವಿನ ಸಂಭವ ಸುಮಾರು ಶೇ. 42ರಷ್ಟು, ತಲೆಪೆಟ್ಟಿನ ಸಂಭವ ಶೇ. 69ರಷ್ಟು ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. 2016ರಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತವರಿಗೂ ಅದು ಕಡ್ಡಾಯ. ದಂಡಕ್ಕೆ ಹೆದರಿ ಅಲ್ಲ, ಮಕ್ಕಳ ಮುಖ ನೋಡಿ ಹಾಕಿರಿ.

ಇನ್ನೊಂದು ಮಾತು. ತಾನೇ ಬಿದ್ದು ಸತ್ತ ಮಾಲೀಕನ ಮನೆಗೆ ಥರ್ಡ್ ಪಾರ್ಟಿ ವಿಮೆಯಿಂದ ಬಿಡಿಗಾಸೂ ಬರೋದಿಲ್ಲ. ಅದಕ್ಕೆ 15 ಲಕ್ಷದ ಮಾಲೀಕ-ಚಾಲಕ ವಿಮೆ ಬೇಕು, ಲೈಸೆನ್ಸೂ ಇರಬೇಕು. ಗುದ್ದಿದ ಗಾಡಿ ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಪರಿಹಾರವುಂಟು. ಹಣೆಬರಹ ಅಂತ ಸುಮ್ಮನಾಗದೆ ಪೊಲೀಸರಿಗೆ ದೂರು ಕೊಡಿ, ಅರ್ಜಿ ಹಾಕಿ.

ಹಿಂದೆ ಕೆಂಪು ದೀಪವಿಲ್ಲದ ಟ್ರೈಲರ್ ಇನ್ನು ನಮ್ಮೂರಿಂದ ಹೊರಡಬಾರದು. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.