ಐ.ಪಿ. ಹಾಕುವ ಮುನ್ನ



ನಮ್ಮ ಬೆಳುಗುಪ್ಪ, ಕಲ್ಯಾಣದುರ್ಗದ ಕಡೆ ವ್ಯಾಪಾರಿಯೊಬ್ಬ ಸಾಲದಲ್ಲಿ ಮುಳುಗಿದರೆ ತೆಲುಗಿನವರು 'ಐ.ಪಿ. ಪೆಟ್ಟಾಡು' ಎನ್ನುತ್ತಾರೆ, ನಾವು 'ಐ.ಪಿ. ಹಾಕಿದ' ಎನ್ನುತ್ತೇವೆ. ರಾತ್ರೋರಾತ್ರಿ ಅಂಗಡಿಗೆ ಬೀಗ ಜಡಿದು ಬೆಂಗಳೂರು ಬಸ್ಸು ಹತ್ತಿದವನಿಗೂ ಇದೇ ಮಾತು. ಆದರೆ ಓಡಿಹೋಗುವುದು ಬೇರೆ, ಐ.ಪಿ. ಬೇರೆ. ನನ್ನಲ್ಲಿ ಇರುವುದಿಷ್ಟು, ಕೊಡಬೇಕಾದ್ದು ಇಷ್ಟು, ತೀರಿಸಲಾರೆ ಎಂದು ಕೋರ್ಟಿಗೆ ಕೊಡುವ ಅರ್ಜಿಯೇ ಐ.ಪಿ.

ದಿವಾಳಿಯಾದವರೆಲ್ಲ ದುಂದುಗಾರರಲ್ಲ. ಗೊಬ್ಬರದ ಅಂಗಡಿಯವನು ಮುಂಗಾರಿಗೆ ಉದ್ದರಿ ಕೊಡುತ್ತಾನೆ, ಕಡಲೆಕಾಯಿ ಕಿತ್ತ ಮೇಲೆ ವಸೂಲಿ. ಮಳೆ ಕೈಕೊಟ್ಟರೆ ರೈತನೂ ಹೋದ, ಇವನೂ ಹೋದ. ಆಗ ಬ್ಯಾಂಕಿನ ಕಂತು ಕಟ್ಟಲು ಕೈಸಾಲ, ಕೈಸಾಲದ ಬಡ್ಡಿಗೆ ಇನ್ನೊಂದು ಕೈಸಾಲ. ಕೌಂಟರಿನ ಒಳಗಿನಿಂದ ನಾನು ಕಂಡಂತೆ, ಜನ ಬ್ಯಾಂಕಿನವರಿಗೆ ಮುಖ ತಪ್ಪಿಸುವುದು ಸರಿಯಾಗಿ ಈ ಹೊತ್ತಿನಲ್ಲೇ. ಹೋಗಬೇಕಾದದ್ದೂ ಈ ಹೊತ್ತಿನಲ್ಲೇ.

ಏಕೆಂದರೆ ಕಂತು 90 ದಿನ ಮೀರಿ ಬಾಕಿ ಬಿದ್ದರೆ ಖಾತೆ ಕೆಟ್ಟ ಸಾಲದ ಪಟ್ಟಿಗೆ ಸೇರುತ್ತದೆ. ಅದಕ್ಕೆ ಮುಂಚೆಯೇ ಸಣ್ಣ ಉದ್ದಿಮೆಯ ಮಾಲೀಕ ತಾನಾಗಿ ಅರ್ಜಿ ಕೊಟ್ಟು ಕಂತು, ಅವಧಿ ತಿದ್ದಿಸಿಕೊಳ್ಳಲು ಕೇಳಬಹುದು. ಕೇಂದ್ರ ಸರ್ಕಾರ 2015ರಲ್ಲಿ, ರಿಸರ್ವ್ ಬ್ಯಾಂಕು 2016ರಲ್ಲಿ ಇದಕ್ಕೆ ನಿಯಮ ಮಾಡಿದವು. ಉದ್ಯಮ್ ನೋಂದಣಿ ಮತ್ತು ಲೆಕ್ಕದ ಪುಸ್ತಕ ಜೊತೆಗಿರಲಿ, ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ.

ಇನ್ನು ಐ.ಪಿ. ಮಾತು. 2016ರ ಹೊಸ ದಿವಾಳಿ ಕಾಯಿದೆ ಕಂಪನಿಗಳಿಗೆ ನಡೆಯುತ್ತಿದೆ. ಸಾಮಾನ್ಯ ಅಂಗಡಿಕಾರರಿಗೆ ಸಂಬಂಧಿಸಿದ ಭಾಗ ಜಾರಿಗೆ ಬಂದಿಲ್ಲವಾದ್ದರಿಂದ ನಮಗೆ ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ಗತಿ. ಸಾಲ 500 ರೂಪಾಯಿ ಇದ್ದರೂ ಅರ್ಜಿ ಹಾಕಬಹುದು ಎನ್ನುತ್ತದೆ ಅದು! ಆ ಕಾಲದ 500 ಅಂದರೆ ಒಂದು ಮನೆಯ ಬೆಲೆಯೋ ಏನೋ.

ಐ.ಪಿ. ಹಾಕಿದರೆ ಎಲ್ಲ ಸಾಲ ಮಾಫಿ ಎಂದು ನಂಬಿದವರಿದ್ದಾರೆ. ಹಾಗಿಲ್ಲ. ಆಸ್ತಿ ಒತ್ತೆ ಇಟ್ಟುಕೊಂಡ ಬ್ಯಾಂಕಿನ ಹಕ್ಕು ಹಾಗೆಯೇ ಉಳಿಯುತ್ತದೆ. ಕೋರ್ಟು ನಿಮ್ಮನ್ನು ಋಣಮುಕ್ತ ಮಾಡಿದರೂ ಜಾಮೀನು ನಿಂತ ನಿಮ್ಮ ಭಾವಮೈದುನ ಮುಕ್ತನಾಗುವುದಿಲ್ಲ. ಎರಡು ವರ್ಷದೊಳಗೆ ಮನೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿದ್ದರೆ ಅದನ್ನು ರದ್ದು ಮಾಡಬಹುದು. ಅರ್ಜಿಗೆ ಮೂರು ತಿಂಗಳ ಒಳಗೆ, ಉಳಿದವರನ್ನು ಬಿಟ್ಟು ಬೇಕಾದ ಒಬ್ಬನಿಗೆ ಲಾಭವಾಗಲೆಂದು ಹಣ ತೀರಿಸಿದ್ದರೆ ಅದೂ ನಿಲ್ಲುವುದಿಲ್ಲ. ಓಡಿಹೋದರಂತೂ ಸಾಲಗಾರರೇ ನಿಮ್ಮ ಮೇಲೆ ದಿವಾಳಿ ಅರ್ಜಿ ಹಾಕಲು ಅದೇ ಕಾರಣವಾಗುತ್ತದೆ.

ಬಹಳ ಮಂದಿ ಎಡವುವುದು ಇನ್ನೊಂದು ಕಡೆ. ದಿವಾಳಿ ಎಂದು ಘೋಷಿಸುವಾಗ, ಇಂಥ ಅವಧಿಯೊಳಗೆ ಬಿಡುಗಡೆಗೆ ಅರ್ಜಿ ಹಾಕು ಎಂದು ಕೋರ್ಟು ಗಡುವು ಕೊಡುತ್ತದೆ. ಗೆದ್ದೆನೆಂದು ಮನೆಯಲ್ಲಿ ಕೂತು ಆ ಗಡುವು ಮೀರಿದರೆ ಘೋಷಣೆಯೇ ರದ್ದಾಗಬಹುದು. ವಕೀಲರನ್ನು ಈ ತಾರೀಕು ಕೇಳಿ ಬರೆದಿಟ್ಟುಕೊಳ್ಳಿ.

ಜೈಲಿನ ಭಯವೂ ಇರುತ್ತದೆ. ಶುದ್ಧ ಬಡತನದಿಂದ ತೀರಿಸಲಾಗದವನನ್ನು ಸಿವಿಲ್ ಸಾಲಕ್ಕಾಗಿ ಸೆರೆಗೆ ಹಾಕಕೂಡದೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆದರೆ ಬೌನ್ಸ್ ಆದ ಚೆಕ್ಕಿನ ಕೇಸು ಕ್ರಿಮಿನಲ್ಲು, ಅದಕ್ಕೆ ಈ ರಕ್ಷಣೆ ಇಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟವರು ಇದನ್ನು ಗಮನಿಸಬೇಕು. ಇನ್ನು ಅಡುಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ, ಹೆಂಗಸಿನ ತಾಳಿ, ಇವನ್ನು ಜಪ್ತಿ ಮಾಡುವಂತಿಲ್ಲ.

ಕೋರ್ಟಿನ ಅಲೆದಾಟ ಬೇಡವೆನ್ನುವವರಿಗೆ ಲೋಕ ಅದಾಲತ್ ಇದೆ. ಕೋರ್ಟು ಫೀಜಿಲ್ಲ. ಇಬ್ಬರೂ ಒಪ್ಪಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಮೇಲೆ ಅಪೀಲಿಲ್ಲ. ಆದ್ದರಿಂದ ಕಟ್ಟಲು ನಿಜವಾಗಿ ಆಗುವ ಮೊತ್ತಕ್ಕೆ ಮಾತ್ರ ಒಪ್ಪಿಕೊಳ್ಳಿ. ಹಣ ಕಟ್ಟಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಕೇಳಿ, ಒತ್ತೆಯಿಟ್ಟ ಪಹಣಿ, ಪಟ್ಟಾದಾರ್ ಪಾಸ್‌ಪುಸ್ತಕ ಎಣಿಸಿ ತೆಗೆದುಕೊಳ್ಳಿ.